ಪಾವೋ, ಕಪ್ಪೋ, ತಕ್ಕಡಿಯೋ? ಕೊಡಗಿನ ಅಡುಗೆಮನೆಗೆ ಯಾವ ಅಳತೆ ಸರಿ

ಕೊಡಗಿನ ಅಡುಗೆಮನೆಗಳಲ್ಲಿ ಈಗ ಎರಡು ಥರದ ರೆಸಿಪಿ ಓಡಾಡುತ್ತಿವೆ. ಒಂದು ಮನೆಯ ಹಿರಿಯರದ್ದು: ‘ಎರಡು ಪಾವು ತರಿ, ಒಂದು ಹಿಡಿ ಕಾಯಿತುರಿ, ಉಪ್ಪು ರುಚಿಗೆ.’ ಇನ್ನೊಂದು ಮೊಬೈಲಿನಲ್ಲಿ ಬಂದದ್ದು: ‘ಒಂದೂಕಾಲು ಕಪ್ ಮೈದಾ, 113 ಗ್ರಾಂ ಬೆಣ್ಣೆ.’ ಮೊದಲನೆಯದನ್ನು ಗ್ರಾಂಗೆ ತರಬೇಕು ಅಂತ ಬೆಂಗಳೂರಿನಲ್ಲಿರುವ ಮಗಳು ಕೇಳುತ್ತಾಳೆ. ಎರಡನೆಯದನ್ನು ಪಾವಿಗೆ ಇಳಿಸಬೇಕು ಅಂತ ಇಲ್ಲಿ ತಾಯಿ ಒದ್ದಾಡುತ್ತಾರೆ.

ಹಾಗಾದರೆ ಏನು ಇಟ್ಟುಕೊಳ್ಳಬೇಕು? ಹಳೆಯ ಪಾವು ಸಾಕಾ, ಪ್ಲಾಸ್ಟಿಕ್ ಕಪ್ ಸೆಟ್ ಬೇಕಾ, ಡಿಜಿಟಲ್ ತಕ್ಕಡಿ ತರಬೇಕಾ? ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಪುಟ್ಟು (ಅಕ್ಕಿ ತರಿಯ ಹಬೆಯ ತಿಂಡಿ), ಅನ್ನ, ಗಂಜಿಗೆ ಪಾವು ಸಾಕು. ಅದನ್ನು ಮೀರಿಸುವುದು ಯಾವುದೂ ಇಲ್ಲ. ಓವನ್ನಿಗೆ ಹೋಗುವುದಕ್ಕೆ, ಉಪ್ಪಿನಕಾಯಿಗೆ, ಐವತ್ತು ಜನರ ಅಡುಗೆಗೆ ತಕ್ಕಡಿಯೇ ಬೇಕು. ಖಾರದ ಪುಡಿ, ಸೋಡಾ, ಕಾಚಂಪುಳಿಗೆ (ಕೊಡಗಿನ ಕಪ್ಪು ಹುಳಿ ರಸ) ಚಮಚ. ಕಪ್ ಸೆಟ್ಟು ಮಾತ್ರ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗದ್ದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕರಿಮೆಣಸಿನವರಿಗೆ ಇದು ಹೊಸದಲ್ಲ

ಒಂದೇ ಪಾತ್ರೆ, ಒಳಗೆ ಹಾಕುವ ವಸ್ತು ಬೇರೆಯಾದರೆ ತೂಕ ಬೇರೆ. ತೋಟ ಇರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕರಿಮೆಣಸು ಮಾರುವಾಗ ಲೀಟರ್ ತೂಕ ನೋಡುತ್ತಾರಲ್ವಾ? ಒಂದು ಲೀಟರ್ ಅಳತೆಗೆ ಕಾಳು ತುಂಬಿ, ಮೇಲೆ ಸಮ ಮಾಡಿ, ತೂಗುತ್ತಾರೆ. ಚೆನ್ನಾಗಿ ಬಲಿತ ಕಾಳಾದರೆ 550 ಗ್ರಾಂ ಆಸುಪಾಸು ಬರುತ್ತದೆ. 500 ಬಂದರೆ ಅದಕ್ಕಿಂತ ಹಗುರ ಮಾಲು. ಜೊಳ್ಳು ಜಾಸ್ತಿ ಇದ್ದರೆ ಇನ್ನೂ ಕೆಳಗೆ ಇಳಿಯುತ್ತದೆ. ಪಾತ್ರೆ ಅದೇ, ಬೆಳೆ ಅದೇ, ಆದರೂ ತೂಕ ಬೇರೆ.

ಅಡುಗೆಮನೆಯಲ್ಲಿ ಮಾಡಬೇಕಾದದ್ದೂ ಇಷ್ಟೇ. ನಿಮ್ಮ ಪಾತ್ರೆಯ ‘ಲೀಟರ್ ತೂಕ’ ಒಂದು ಸಲ ನೋಡಿ ಬರೆದಿಟ್ಟರೆ ಆಯಿತು. ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿಗಳು ತಪ್ಪು ಅಂತಲ್ಲ. ಅವು ಬೇರೆಯವರ ಕಪ್ಪಿಗೆ, ಬೇರೆಯವರ ಹಿಟ್ಟಿಗೆ ಮಾಡಿದ ಪಟ್ಟಿಗಳು.

ಮೈದಾದ ಕಥೆ

ತೊಂದರೆ ಎಲ್ಲಿಂದ ಶುರುವಾಗುತ್ತದೆ ಅಂತ ನೋಡಲು ಮೈದಾ ಒಂದೇ ಸಾಕು. ಅಮೆರಿಕದ ಒಂದು ಕಪ್ಪು ತೆಗೆದುಕೊಳ್ಳಿ. ಅದು ಸುಮಾರು 237 ಎಂಎಲ್, ನಮ್ಮಲ್ಲಿ 240 ಅಂತ ಹಿಡಿಯುತ್ತಾರೆ. ಡಬ್ಬಿಯೊಳಗೆ ಕಪ್ಪನ್ನೇ ಅದ್ದಿ ತುಂಬಿ ತೆಗೆದರೆ 140ರಿಂದ 150 ಗ್ರಾಂ ಮೈದಾ ಬರುತ್ತದೆ. ಚಮಚದಲ್ಲಿ ಹಿಟ್ಟನ್ನು ಎತ್ತಿ ಕಪ್ಪಿಗೆ ಮೆಲ್ಲಗೆ ಉದುರಿಸಿ, ಚಾಕುವಿನ ಬೆನ್ನಿನಿಂದ ಮೇಲೆ ಸವರಿದರೆ 120ರಿಂದ 125. ಜರಡಿ ಹಿಡಿದ ಮೇಲೆ ತುಂಬಿದರೆ ಅದಕ್ಕಿಂತಲೂ ಕಡಿಮೆ.

ಮೇಲಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಬಿಳಿ ಹಿಟ್ಟು, ಕಪ್ಪಿನ ಅಂಚಿಗೆ ಸಮ. ಆದರೆ ಮೂರು ಕಪ್ ಮೈದಾ ಬೇಡುವ ಕೇಕಿಗೆ ಅದ್ದಿ ತುಂಬಿದವರು ಸುಮಾರು ಅರ್ಧದಿಂದ ಮುಕ್ಕಾಲು ಕಪ್ಪಿನಷ್ಟು ಹಿಟ್ಟು ಜಾಸ್ತಿ ಹಾಕಿರುತ್ತಾರೆ. ಆಮೇಲೆ ಕೇಕು ಒಣಗಿತು, ಮೇಲೆ ಬಿರುಕು ಬಿಟ್ಟಿತು, ‘ಓವನ್ ಸರಿ ಇಲ್ಲ’ ಅನ್ನುವ ಮಾತು ಬರುತ್ತದೆ. ಓವನ್ನಿನ ತಪ್ಪಲ್ಲ. ಡಿಸೆಂಬರಿನ ಪ್ಲಮ್ ಕೇಕಿಗೆ ತಿಂಗಳುಗಟ್ಟಲೆ ದ್ರಾಕ್ಷಿ, ಗೋಡಂಬಿ ನೆನೆಸಿಟ್ಟು, ಕೊನೆಗೆ ಮೈದಾವನ್ನು ಸುಮ್ನೆ ಗೋರಿ ಹಾಕುವುದು ನನಗೆ ಅರ್ಥವಾಗದ ವಿಷಯ.

ರೆಸಿಪಿಯಲ್ಲಿ ‘ಕಪ್’ ಅಂತ ಮಾತ್ರ ಇದ್ದು ಗ್ರಾಂ ಇಲ್ಲದಿದ್ದರೆ ಮೈದಾಕ್ಕೆ 120 ಅಥವಾ 125 ಹಿಡಿಯಿರಿ. ಹಿಟ್ಟು ಕಡಿಮೆ ಅನ್ನಿಸಿದರೆ ಕಲಸುವಾಗ ಸೇರಿಸಬಹುದು. ಹಾಕಿದ್ದನ್ನು ತೆಗೆಯಲು ಆಗುವುದಿಲ್ಲ.

ನೀರನ್ನು ತೂಗಿ, ಉಳಿದದ್ದು ಲೆಕ್ಕ

ನಿಮ್ಮ ಮನೆಯ ಪಾವು ಎಷ್ಟು ಎಂಎಲ್? ಬಹಳ ಮನೆಯಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಹಳೆಯ ಲೆಕ್ಕದಲ್ಲಿ ಸೇರಿಗೆ ನಾಲ್ಕು ಪಾವು, ಎರಡು ಪಾವು ಸೇರಿದರೆ ಅಚ್ಚೇರು. ಆದರೆ ಸೇರು ಎರಡು ಥರ. ತೂಕದ ಸೇರು ಬೇರೆ, ಅಳೆಯುವ ಸೇರು ಬೇರೆ. 80 ತೊಲದ ತೂಕದ ಸೇರು ಅಂದರೆ ಸುಮಾರು 933 ಗ್ರಾಂ. ಅಳೆಯುವ ಸೇರು ಊರಿಂದ ಊರಿಗೆ ಬದಲಾಗುತ್ತಿತ್ತು. 1956ರ ಕಾಯ್ದೆ ಬಂದು, 1958ರಿಂದ ಹಂತಹಂತವಾಗಿ ಕೆಜಿ, ಗ್ರಾಂ ಅಂಗಡಿಗೆ ಬಂದವು. ತೂಕದ ಸೇರು ಹೋಯಿತು. ಅಳೆಯುವ ಸೇರು, ಪಾವು ಅಕ್ಕಿ ಡಬ್ಬದೊಳಗೇ ಉಳಿದುಕೊಂಡವು. ಅಂಗಡಿಯಲ್ಲಿ ಈಗ ಸಿಗುವ ಸ್ಟೀಲ್ ಪಾವುಗಳೂ ಎಲ್ಲಾ ಒಂದೇ ಗಾತ್ರ ಅಲ್ಲ. ಹಾಗಾಗಿ ‘ಒಂದು ಪಾವು ಅಂದರೆ ಇಷ್ಟು ಗ್ರಾಂ’ ಅಂತ ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಂಬಬೇಡಿ.

ಕಂಡುಹಿಡಿಯುವುದು ಸುಲಭ. ಖಾಲಿ ಪಾವನ್ನು ತಕ್ಕಡಿ ಮೇಲೆ ಇಡಿ, ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಎಂಎಲ್. ನೀರಿಗೆ ಮಾತ್ರ ಗ್ರಾಂ ಮತ್ತು ಎಂಎಲ್ ಒಂದೇ. ಈ ಒಂದು ಸಂಖ್ಯೆ ಗೊತ್ತಾದರೆ ಉಳಿದದ್ದಕ್ಕೆ ಪ್ರತಿಸಲ ತೂಗಬೇಕಾಗಿಲ್ಲ. ನೀರಿನ ತೂಕವನ್ನು ಹೀಗೆ ಗುಣಿಸಿದರೆ ಸಾಕು:

ಮೈದಾ, ಗೋಧಿ ಹಿಟ್ಟು – ನೀರಿನ ಅರ್ಧ
ಅಕ್ಕಿ ಹಿಟ್ಟು – 0.6ರಿಂದ 0.65
ಅಕ್ಕಿ ತರಿ, ರವೆ – 0.7
ಅಕ್ಕಿ – 0.8
ಸಕ್ಕರೆ – 0.85
ಪುಡಿ ಸಕ್ಕರೆ – ಸುಮಾರು ಅರ್ಧ
ಕೋಕೋ ಪುಡಿ – 0.35ರಿಂದ 0.4
ಹಸಿ ಕಾಯಿತುರಿ, ಅಮುಕದೆ – 0.35
ಎಣ್ಣೆ, ತುಪ್ಪ – 0.91 ಅಥವಾ 0.92
ಬೆಣ್ಣೆ – 0.95
ಹಾಲು – 1.03
ಜೇನು – 1.4

ಉದಾಹರಣೆಗೆ ನಿಮ್ಮ ಪಾವಿಗೆ 200 ಗ್ರಾಂ ನೀರು ಹಿಡಿಯಿತು ಅನ್ನಿ. ಆಗ ಒಂದು ಪಾವು ಮೈದಾ 100 ಗ್ರಾಂ, ಅಕ್ಕಿ 160, ಸಕ್ಕರೆ 170, ಕಾಯಿತುರಿ 70, ಜೇನು 280. ರೆಸಿಪಿಯಲ್ಲಿ 250 ಗ್ರಾಂ ಮೈದಾ ಕೇಳಿದರೆ ಎರಡೂವರೆ ಪಾವು. ಎರಡು ಕಡೆಗೂ ಲೆಕ್ಕ ಆಗುತ್ತದೆ.

ಈ ಸಂಖ್ಯೆಗಳು ಸ್ವಲ್ಪ ಆಚೀಚೆ ಆಗುತ್ತವೆ. ನಮ್ಮ ಸಕ್ಕರೆ ಕಾಳು ದಪ್ಪ ಇದ್ದರೆ ಒಂಚೂರು ಬದಲಾಗುತ್ತದೆ. ತರಿ ನುಣ್ಣಗಿದೆಯೋ ದೊರಗಾಗಿದೆಯೋ ಅನ್ನುವುದರ ಮೇಲೂ ಹೋಗುತ್ತದೆ. ಅದಕ್ಕೇ ನೀವು ದಿನಾ ಬಳಸುವ ಐದಾರು ಸಾಮಾನನ್ನಾದರೂ ಒಮ್ಮೆ ನಿಜವಾಗಿ ತೂಗಿ, ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿ. ಮಳೆಗಾಲಕ್ಕೆ ಆ ಚೀಟಿ ಬೂಷ್ಟು ಹಿಡಿಯುತ್ತದೆ. ಪೆನ್ಸಿಲಿನಲ್ಲಿ ಬರೆದರೆ ಅಕ್ಷರವಾದರೂ ಉಳಿಯುತ್ತದೆ.

ಯಾರ ಕಪ್ಪು?

ಕಪ್ ಸೆಟ್ಟಿನ ಮೇಲೆ ನನಗೆ ನಂಬಿಕೆ ಕಡಿಮೆ ಅಂದೆನಲ್ಲ, ಇದಕ್ಕೇ. ಅಮೆರಿಕದ ಕಪ್ಪು 237 ಎಂಎಲ್. ಆಸ್ಟ್ರೇಲಿಯಾದ್ದು 250. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಕೊಡುವ ಪ್ಲಾಸ್ಟಿಕ್ ಕಪ್ಪು ಸಾಮಾನ್ಯವಾಗಿ 180. ಈ ಮೂರನೆಯದನ್ನು ಬಹಳ ಜನ ‘ಮೆಷರಿಂಗ್ ಕಪ್’ ಅಂದುಕೊಂಡು ಕೇಕಿಗೂ ಬಳಸುತ್ತಾರೆ. ಎಲ್ಲಾ ಸಾಮಾನನ್ನೂ ಅದೇ ಕಪ್ಪಿನಲ್ಲಿ ಹಾಕಿದರೆ ಅನುಪಾತ ಕೆಡುವುದಿಲ್ಲ. ಆದರೆ ಮೊಟ್ಟೆ ಮತ್ತು ಬೆಣ್ಣೆ ಪ್ಯಾಕೆಟ್ಟು ಕಪ್ಪಿನ ಮಾತು ಕೇಳುವುದಿಲ್ಲವಲ್ಲ. ಅಲ್ಲಿ ತಾಳ ತಪ್ಪುತ್ತದೆ.

ಚಮಚದಲ್ಲೂ ಇದೇ ಗೋಳು. ದೊಡ್ಡ ಚಮಚ ಅಂದರೆ 15 ಎಂಎಲ್, ಟೀ ಚಮಚ 5. ಆಸ್ಟ್ರೇಲಿಯಾದ ರೆಸಿಪಿಯಲ್ಲಿ ಮಾತ್ರ ದೊಡ್ಡ ಚಮಚ 20 ಎಂಎಲ್. ಊಟದ ಚಮಚಕ್ಕೆ ಯಾವ ಲೆಕ್ಕವೂ ಇಲ್ಲ. ಒಂದೊಂದು ಸೆಟ್ಟಿನದ್ದು ಒಂದೊಂದು ಥರ.

ಕಪ್ ಸೆಟ್ ಈಗಾಗಲೇ ಮನೆಯಲ್ಲಿದ್ದರೆ ಬಿಸಾಡಬೇಡಿ. ಮೇಲೆ ಹೇಳಿದ ಹಾಗೆ ನೀರು ತುಂಬಿ ತೂಗಿ ನೋಡಿ. ‘1 ಕಪ್’ ಅಂತ ಅಚ್ಚಾಗಿರುವುದಕ್ಕೆ ನಿಜಕ್ಕೂ 240 ಬರುತ್ತದಾ, ನಾಲ್ಕು ಕಾಲು ಕಪ್ ಸೇರಿದರೆ ಒಂದು ಕಪ್ ಆಗುತ್ತದಾ ಅಂತ. ಆಗದಿದ್ದರೆ ಅದು ಬೇಳೆ ಡಬ್ಬಿಗೆ ಒಳ್ಳೆಯ ಸೌಟು.

ಇನ್ನೊಂದು ಗೊಂದಲ ಔನ್ಸಿನದು. ತೂಕದ ಔನ್ಸ್ 28 ಗ್ರಾಂ ಚಿಲ್ಲರೆ. ದ್ರವದ ಔನ್ಸ್ ಅಂದರೆ ಸುಮಾರು 30 ಎಂಎಲ್, ಅದು ಗಾತ್ರ. 8 ಔನ್ಸ್ ಹಾಲು ಅಂದರೆ ಒಂದು ಕಪ್. 8 ಔನ್ಸ್ ಚಾಕೊಲೇಟ್ ಅಂದರೆ 227 ಗ್ರಾಂ. ರೆಸಿಪಿಯಲ್ಲಿ ಬೆಣ್ಣೆ ‘ಒಂದು ಸ್ಟಿಕ್’ ಅಂತ ಬಂದರೆ 113 ಗ್ರಾಂ. ನಮ್ಮ 100 ಗ್ರಾಂ ಪ್ಯಾಕೆಟ್ ಪೂರ್ತಿ ಹಾಕಿ, ಮೇಲೆ ಒಂದು ದೊಡ್ಡ ಚಮಚ ಸೇರಿಸಿದರೆ ಸರಿಹೋಗುತ್ತದೆ.

ಪಾವು ಗೆಲ್ಲುವ ಜಾಗ

ಕಡಂಬುಟ್ಟಿಗೆ (ಉಂಡೆ ಕಟ್ಟಿ ಬೇಯಿಸುವ ಪುಟ್ಟು) ತರಿಯನ್ನು ಗ್ರಾಂನಲ್ಲಿ ತೂಗುವವರನ್ನು ನಾನು ನೋಡಿಲ್ಲ. ತೂಗುವ ಅಗತ್ಯವೂ ಇಲ್ಲ. ಒಂದು ಅಳತೆ ತರಿಗೆ ಸುಮಾರು ಎರಡು ಅಳತೆ ನೀರು. ಪಾವು 180 ಇರಲಿ 250 ಇರಲಿ, ನೀರೂ ಅದರಲ್ಲೇ ಅಳೆದರೆ ಕೆಡುವುದೇನಿದೆ? ಪಾಪುಟ್ಟಿಗೂ ಹಾಗೇ. ತರಿ, ಹಾಲು, ನೀರು, ಕಾಯಿತುರಿ ಎಲ್ಲಾ ಒಂದೇ ಅಳತೆಯಲ್ಲಿ ಸಾಗುತ್ತದೆ. ಅನ್ನಕ್ಕೆ, ಗಂಜಿಗೆ, ಉಪ್ಪಿಟ್ಟಿಗೆ ಅದೇ ನ್ಯಾಯ. ಒಣ ಸಾಮಾನಿಗೆ ಇಷ್ಟು, ನೀರಿಗೆ ಇಷ್ಟು ಅನ್ನುವ ಅಡುಗೆ ಎಲ್ಲಿದೆಯೋ ಅಲ್ಲಿ ಪಾವನ್ನು ಬಿಡಬೇಡಿ. ತಕ್ಕಡಿ ತಂದರೆ ಕೆಲಸ ಜಾಸ್ತಿ, ಲಾಭ ಏನೂ ಇಲ್ಲ.

ಅದೂ ಅಲ್ಲದೆ ಇಲ್ಲಿ ಗ್ರಾಂಗಿಂತ ದೊಡ್ಡ ವ್ಯತ್ಯಾಸ ಅಕ್ಕಿಯಿಂದ ಬರುತ್ತದೆ. ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಬರುವ ಹೊಸ ಅಕ್ಕಿ ನೀರು ಕಡಿಮೆ ಕುಡಿಯುತ್ತದೆ. ಹಳೆ ಅಕ್ಕಿ ಜಾಸ್ತಿ ಕೇಳುತ್ತದೆ. 170 ಗ್ರಾಂ ಹೊಸ ಅಕ್ಕಿ ತರಿ, 170 ಗ್ರಾಂ ಹಳೆ ಅಕ್ಕಿ ತರಿ ತಕ್ಕಡಿಗೆ ಒಂದೇ. ಕಡಂಬುಟ್ಟು ಉಂಡೆ ಕಟ್ಟುವ ಕೈಗೆ ಒಂದೇ ಅಲ್ಲ.

ಅನ್ನಕ್ಕೆ ಅಕ್ಕಿ ಹಿಟ್ಟು ಕಲಸಿ ಮಾಡುವ ರೊಟ್ಟಿ, ನಮ್ಮ ಅಕ್ಕಿ ಒಟ್ಟಿ, ಇನ್ನೂ ಒಂದು ಹೆಜ್ಜೆ ಮುಂದೆ. ಅನ್ನ ಎಷ್ಟು ಮೆತ್ತಗೆ ಬೆಂದಿದೆ ಅನ್ನುವುದರ ಮೇಲೆ ಹಿಟ್ಟು ಎಷ್ಟು ಬೇಕು ಅಂತ ತೀರ್ಮಾನ ಆಗುತ್ತದೆ. ಹಲಸಿನ ಹಣ್ಣು ಹಾಕಿ ಮಾಡುವ ಕೂಳೆಪುಟ್ಟೂ ಹಾಗೆಯೇ. ಒಂದು ಹಣ್ಣು ರಸದಲ್ಲಿ ತೇಲುತ್ತದೆ, ಇನ್ನೊಂದು ಗಟ್ಟಿ. ತರಿಯನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಕೈಯಲ್ಲಿ ನೋಡುವುದೇ ದಾರಿ. ಇಂಥ ರೆಸಿಪಿಯನ್ನು ದೂರದಲ್ಲಿರುವ ಮಕ್ಕಳಿಗೆ ಕಳಿಸುವಾಗ ಗ್ರಾಂ ಬರೆದು ಸುಮ್ಮನಾಗಬೇಡಿ. ‘ಹಿಟ್ಟು ಕೈಗೆ ಅಂಟಬಾರದು, ಆದರೆ ಒತ್ತಿದರೆ ಅಂಚು ಒಡೆಯಬಾರದು’ ಅನ್ನುವ ಒಂದು ವಾಕ್ಯ ಗ್ರಾಂಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಚಮಚದ ಸಾಮ್ರಾಜ್ಯ

ಅಡುಗೆಮನೆಯ ಮಾಮೂಲಿ ಡಿಜಿಟಲ್ ತಕ್ಕಡಿ ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಐದು ಗ್ರಾಂನ ಕೆಳಗೆ ಅದರ ಮಾತು ನಂಬುವುದು ಕಷ್ಟ. ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಹೋದರೆ ಕೆಲವು ತಕ್ಕಡಿಗಳು ಗಮನಿಸುವುದೇ ಇಲ್ಲ. ಸೊನ್ನೆಯಲ್ಲೇ ಕೂತಿರುತ್ತವೆ. ಹಾಗಾಗಿ ಅಡುಗೆ ಸೋಡಾ, ಬೇಕಿಂಗ್ ಪೌಡರ್, ಈಸ್ಟ್, ಅರಿಶಿನ, ಏಲಕ್ಕಿ ಪುಡಿಗೆ ಅಳತೆಯ ಚಮಚವೇ ಒಳ್ಳೆಯದು. ಚಮಚದ ಸೆಟ್ಟಿಗೆ ಮಾತ್ರ ದುಡ್ಡು ಹಾಕಿ, ಸಾರ್ಥಕ.

ರೆಸಿಪಿಯಲ್ಲಿ ಗ್ರಾಂ ಇದ್ದರೆ ಹೀಗೆ ಇಳಿಸಿಕೊಳ್ಳಬಹುದು. ಸಮ ಮಾಡಿದ ಒಂದು ಟೀ ಚಮಚ ಪುಡಿ ಉಪ್ಪು 6 ಗ್ರಾಂ. ಅಡುಗೆ ಸೋಡಾ 5ರ ಹತ್ತಿರ. ಬೇಕಿಂಗ್ ಪೌಡರ್ 4ರ ಮೇಲೆ. ಡ್ರೈ ಈಸ್ಟ್ 3. 7 ಗ್ರಾಂನ ಈಸ್ಟ್ ಪೊಟ್ಟಣ ಅಂದರೆ ಎರಡೂಕಾಲು ಟೀ ಚಮಚ.

ಕರಿಮೆಣಸಿನ ಪುಡಿ ಟೀ ಚಮಚಕ್ಕೆ ಎರಡೂವರೆ ಗ್ರಾಂ ಆಸುಪಾಸು. ಆದರೆ ಪಂದಿ ಕರಿಯ (ಹಂದಿ ಮಾಂಸದ ಸಾರು) ಮಸಾಲೆಗೆ ಕಾಳು ಹುರಿದು ಮನೆಯಲ್ಲೇ ಪುಡಿ ಮಾಡುವವರು ಪುಡಿಯನ್ನು ಅಳೆಯಬೇಡಿ, ಹುರಿಯುವ ಮೊದಲೇ ಕಾಳನ್ನು ತೂಗಿ. ಕಪ್ಪಗೆ ಹುರಿದ ಮೇಲೆ ತೂಕ ಇಳಿಯುತ್ತದೆ. ಪುಡಿ ಎಷ್ಟು ನುಣ್ಣಗೆ ಆಯಿತೋ ಅದರ ಮೇಲೆ ಚಮಚಕ್ಕೆ ಹಿಡಿಯುವುದೂ ಬದಲಾಗುತ್ತದೆ.

ಕಾಫಿ ಪುಡಿಗೂ ಇದೇ ಮಾತು. ಜಾಸ್ತಿ ಹುರಿದ ಬೀಜ ಉಬ್ಬಿ ಹಗುರ ಆಗಿರುತ್ತದೆ. ಅದೇ ಚಮಚದಲ್ಲಿ ಹಾಕಿದರೂ ಫಿಲ್ಟರಿಗೆ ಬೀಳುವ ಕಾಫಿ ಕಡಿಮೆ. ‘ಈ ಸಲದ ಪುಡಿ ಸಪ್ಪೆ’ ಅನ್ನುವ ದೂರಿಗೆ ಅರ್ಧ ಕಾರಣ ಅಲ್ಲೇ ಇರಬಹುದು. ದೊಡ್ಡ ಚಮಚಕ್ಕೆ ಸುಮಾರು 5 ಗ್ರಾಂ ಅಂತ ಹಿಡಿದು ಶುರು ಮಾಡಿ, ಆಮೇಲೆ ತೂಗಿ ಸರಿ ಮಾಡಿಕೊಳ್ಳಿ. ಕಾಫಿ ಬೆಳೆಯುವ ಊರಲ್ಲಿ ಕಾಫಿಯನ್ನೇ ಅಂದಾಜಿನಲ್ಲಿ ಹಾಕುತ್ತೇವಲ್ಲ ಅಂತ ನನಗೆ ಒಮ್ಮೊಮ್ಮೆ ನಗು ಬರುತ್ತದೆ.

ಕಾಚಂಪುಳಿಯನ್ನು ಗ್ರಾಂಗೆ ತರುವುದು ದಂಡ. ಒಂದು ಮನೆಯದು ಪಾಕದ ಹಾಗೆ ಗಟ್ಟಿ, ಇನ್ನೊಂದು ಮನೆಯದು ತೆಳ್ಳಗೆ. ತೂಕ ಸರಿ ಇದ್ದರೂ ಹುಳಿ ಸರಿ ಇರುವುದಿಲ್ಲ. ಒಂದು ಕೆಜಿ ಮಾಂಸಕ್ಕೆ ಒಂದು ಟೀ ಚಮಚ ಹಾಕಿ, ಎರಡು ಕುದಿ ಬಂದ ಮೇಲೆ ರುಚಿ ನೋಡಿ, ಬೇಕಾದರೆ ಇನ್ನೊಂದು. ಹೊಸ ಬಾಟಲಿ ತೆರೆದಾಗಲೆಲ್ಲ ಇದೇ ಕ್ರಮ.

ಜೇನು, ಎಣ್ಣೆ: ಇಲ್ಲಿ ದುಡ್ಡಿನ ಲೆಕ್ಕವೂ ಇದೆ

ಗಾತ್ರ ಮತ್ತು ತೂಕದ ವ್ಯತ್ಯಾಸ ಜೇಬಿಗೆ ತಟ್ಟುವುದು ಜೇನಿನಲ್ಲಿ. ಕೆಲವರು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ, ಕೆಲವರು ಬಾಟಲಿ ಲೆಕ್ಕದಲ್ಲಿ. ಒಂದು ಕೆಜಿ ಜೇನು ಅಂದರೆ ಸುಮಾರು 700 ಎಂಎಲ್ ಮಾತ್ರ. 750 ಎಂಎಲ್ ಬಾಟಲಿ ತುಂಬಾ ಜೇನು ಇದ್ದರೆ ಅದು ಒಂದು ಕೆಜಿ ಮೀರುತ್ತದೆ. ಇಬ್ಬರು ಒಂದೇ ಬೆಲೆ ಹೇಳಿದರೆ ಬಾಟಲಿಯವನ ಹತ್ತಿರ ತೆಗೆದುಕೊಂಡರೆ ಲಾಭ, ಬಾಟಲಿ ನಿಜಕ್ಕೂ 750 ಇದ್ದರೆ. ತೆಳ್ಳಗಿನ ಜೇನಿನಲ್ಲಿ ನೀರಿನ ಅಂಶ ಜಾಸ್ತಿ, ಅದೇ ಬಾಟಲಿಗೆ ತೂಕ ಸ್ವಲ್ಪ ಕಡಿಮೆ ಬರುತ್ತದೆ. ಅಂಥದ್ದು ಬೇಗ ಹುಳಿಯುತ್ತದೆ ಕೂಡಾ. ಹಾಗಂತ ತೂಕ ಸರಿ ಬಂತು ಅಂದ ಮಾತ್ರಕ್ಕೆ ಜೇನು ಶುದ್ಧ ಅಂದುಕೊಳ್ಳಬೇಡಿ. ಸಕ್ಕರೆ ಪಾಕವೂ ಹತ್ತಿರ ಹತ್ತಿರ ಅಷ್ಟೇ ತೂಗುತ್ತದೆ.

ಅಡುಗೆಯಲ್ಲಿ ಜೇನನ್ನು ತೂಗುವುದರಲ್ಲಿ ಇನ್ನೊಂದು ಸುಖ ಇದೆ. ಕಪ್ಪಿಗೆ ಹಾಕಿದರೆ ಅರ್ಧ ಅಲ್ಲೇ ಅಂಟಿಕೊಳ್ಳುತ್ತದೆ. ಪಾತ್ರೆಯನ್ನೇ ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ನೇರವಾಗಿ ಸುರಿದರೆ ತೊಳೆಯುವ ಪಾತ್ರೆಯೂ ಒಂದು ಕಡಿಮೆ. ಚಳಿಗೆ ಜೇನು ಗಟ್ಟಿಯಾಗಿ ಸಕ್ಕರೆ ಕಟ್ಟಿದ್ದರೂ ತೂಕ ಅದೇ.

ಎಣ್ಣೆಯ ವಿಷಯಕ್ಕೆ ಪ್ಯಾಕೆಟ್ಟನ್ನೇ ಓದಿ. ಒಂದು ಲೀಟರ್ ಅಂತ ಬರೆದ ಪಕ್ಕದಲ್ಲೇ 910 ಗ್ರಾಂ ಅಂತಲೂ ಇರುತ್ತದೆ. ಪರಿವರ್ತನೆಯ ಲೆಕ್ಕವನ್ನು ಕಂಪನಿಯವರೇ ಮಾಡಿಟ್ಟಿದ್ದಾರೆ. ಒಂದು ಲೀಟರ್ ತುಪ್ಪವೂ ಕೆಜಿಗಿಂತ ಕಡಿಮೆಯೇ. ಲೀಟರ್ ತುಪ್ಪ, ಕೆಜಿ ತುಪ್ಪ ಅಂತ ಎರಡು ಡಬ್ಬ ಪಕ್ಕ ಪಕ್ಕ ಇದ್ದಾಗ ಬೆಲೆ ಹೋಲಿಸುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ತೆಂಗಿನೆಣ್ಣೆ ಮಾತ್ರ ಮಡಿಕೇರಿ ಕಡೆಯವರಿಗೆ ಪ್ರತ್ಯೇಕ ತಲೆನೋವು. ಡಿಸೆಂಬರ್, ಜನವರಿಯ ಬೆಳಿಗ್ಗೆ ಕಲ್ಲಿನ ಹಾಗೆ ಗಟ್ಟಿ. ಚಮಚದಲ್ಲಿ ಕೆರೆದು ಕಪ್ಪಿಗೆ ತುಂಬಿದರೆ ನಡುನಡುವೆ ಗಾಳಿ ಕೂತು ಅಳತೆ ತಪ್ಪುತ್ತದೆ. ಕರಗಿಸಿ ಅಳೆಯುವುದು ಒಂದು ದಾರಿ. ಗಟ್ಟಿಯಿರುವಾಗಲೇ ತೂಗುವುದು ಸುಲಭದ ದಾರಿ. ಕರಗಲಿ, ಹೆಪ್ಪುಗಟ್ಟಲಿ, 100 ಗ್ರಾಂ 100 ಗ್ರಾಮೇ. ಬೆಣ್ಣೆಗೂ ಇದೇ.

ಐವತ್ತು ಜನಕ್ಕೆ, ಭರಣಿಗೆ

ಒಂದು ಕೆಜಿ ಮಾಂಸಕ್ಕೆ ಎರಡು ಟೀ ಚಮಚ ಉಪ್ಪು ಅಂತ ಗೊತ್ತಿದ್ದವರು 20 ಕೆಜಿಗೆ 40 ಚಮಚ ಎಣಿಸುತ್ತಾ ಕೂರುತ್ತಾರಾ? ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ಹೋಯಿತು. ದೊಡ್ಡ ಅಡುಗೆಗೆ ಎಲ್ಲವನ್ನೂ ಕೆಜಿಗೆ ಇಷ್ಟು ಗ್ರಾಂ ಅಂತ ಬರೆದುಕೊಳ್ಳುವುದು ಒಳ್ಳೆಯದು. ಮಾಂಸಕ್ಕೆ ಕೆಜಿಗೆ 12 ಗ್ರಾಂ ಉಪ್ಪಿನಿಂದ ಶುರು ಮಾಡಿದರೆ 20 ಕೆಜಿಗೆ 240 ಗ್ರಾಂ. ಕೊನೆಗೆ ರುಚಿ ನೋಡಿ ಏರಿಸಬಹುದು. ಮಸಾಲೆ ಪುಡಿಗೂ ಹಾಗೇ.

ಕಲ್ಲುಪ್ಪು ಬಳಸುವವರು ಇಲ್ಲಿ ಜಾಗ್ರತೆ. ಒಂದು ಪಾವು ಕಲ್ಲುಪ್ಪು, ಒಂದು ಪಾವು ಪುಡಿ ಉಪ್ಪಿಗಿಂತ ಹಗುರ. ಹರಳುಗಳ ನಡುವೆ ಜಾಗ ಖಾಲಿ ಇರುತ್ತದೆ. ಪುಡಿ ಉಪ್ಪಿನ ರೆಸಿಪಿಗೆ ಅದೇ ಅಳತೆಯ ಕಲ್ಲುಪ್ಪು ಹಾಕಿದರೆ ಉಪ್ಪು ಕಡಿಮೆ. ತಿರುಗಿಸಿ ಮಾಡಿದರೆ ಬಾಯಿಗೆ ಇಡಲು ಆಗುವುದಿಲ್ಲ. ಸಾರಿನಲ್ಲಿ ಇದು ರುಚಿಯ ಪ್ರಶ್ನೆ. ಕಾಡು ಮಾವಿನ ಭರಣಿಯಲ್ಲಿ ವರ್ಷದ ಪ್ರಶ್ನೆ. ಉಪ್ಪು ಕಡಿಮೆ ಬಿದ್ದ ಉಪ್ಪಿನಕಾಯಿ ಮಳೆಗಾಲ ದಾಟುವುದಿಲ್ಲ. ಮಾವನ್ನೂ ಉಪ್ಪನ್ನೂ ಎರಡನ್ನೂ ತೂಗಿ. ಜಾಮ್, ಮನೆಯ ವೈನಿಗೂ ಹಣ್ಣು ಮತ್ತು ಸಕ್ಕರೆಯನ್ನು ತೂಗಿಯೇ ಹಾಕಿ.

ಮೊಟ್ಟೆಯನ್ನು ಯಾರೂ ತೂಗುವುದಿಲ್ಲ, ಆದರೆ ನಾಟಿ ಕೋಳಿ ಮೊಟ್ಟೆ ಹಾಕಿ ಕೇಕ್ ಮಾಡುವವರು ತೂಗಬೇಕು. ಹೊರಗಿನ ರೆಸಿಪಿಯಲ್ಲಿ ಒಂದು ಮೊಟ್ಟೆ ಅಂದರೆ ಸಿಪ್ಪೆ ಬಿಟ್ಟು 50 ಗ್ರಾಂ. ನಾಟಿಯದು ಅದಕ್ಕಿಂತ ಸಣ್ಣದು. ಮೂರು ಹೇಳಿದ್ದರೆ ಒಡೆದು ಬಟ್ಟಲಿಗೆ ಹಾಕುತ್ತಾ 150 ಗ್ರಾಂ ಆಗುವವರೆಗೆ ಹೋಗಿ. ಬಹುಶಃ ನಾಲ್ಕು ಬೇಕಾಗುತ್ತದೆ.

ಮಳೆಗಾಲದ ಹಿಟ್ಟು

ತಕ್ಕಡಿ ಎಲ್ಲವನ್ನೂ ಸರಿ ಮಾಡುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹಿಟ್ಟು ಒಣಗಿರುತ್ತದಾ? ತೇವ ಹೀರಿದ ಮೈದಾ 200 ಗ್ರಾಂ ತೂಗಿದರೆ ಅದರಲ್ಲಿ ಸ್ವಲ್ಪ ನೀರೂ ಸೇರಿದೆ. ಬೆಲ್ಲ, ಉಪ್ಪೂ ಹಾಗೇ. ತೊಳೆದ ಅಕ್ಕಿಯನ್ನು ಮಿಲ್ಲಿಗೆ ಕೊಟ್ಟು ಮಾಡಿಸಿದ ಹಿಟ್ಟಿಗೂ, ಅಂಗಡಿಯ ಒಣ ಪ್ಯಾಕೆಟ್ ಹಿಟ್ಟಿಗೂ ಇನ್ನೂ ಜಾಸ್ತಿ ವ್ಯತ್ಯಾಸ. ಪರಿಹಾರ ಸರಳ: ಹಿಟ್ಟನ್ನು ರೆಸಿಪಿ ಹೇಳಿದಷ್ಟೇ ತೂಗಿ, ನೀರು ಅಥವಾ ಹಾಲಿನಲ್ಲಿ ಎರಡು ಮೂರು ದೊಡ್ಡ ಚಮಚ ಹಿಂದಿಟ್ಟುಕೊಳ್ಳಿ. ಕಲಸಿ ನೋಡಿ, ಬೇಕಾದರೆ ಹಾಕಿ. ಬ್ರೆಡ್ ಮಾಡುವವರು ಇದನ್ನು ಮರೆಯಬಾರದು.

ಆದರೂ ಮಳೆಗಾಲದಲ್ಲಿ ಕಪ್ಪಿಗಿಂತ ತಕ್ಕಡಿ ವಾಸಿ. ತೇವ ಹಿಡಿದ ಹಿಟ್ಟು ಗಂಟು ಗಂಟಾಗಿರುತ್ತದೆ, ಕಪ್ಪಿನಲ್ಲಿ ಹೇಗೆ ಕೂರುತ್ತದೆ ಅಂತ ಹೇಳಲು ಆಗುವುದಿಲ್ಲ.

ಯಾವ ತಕ್ಕಡಿ ತರಬೇಕು

ಸ್ಪ್ರಿಂಗ್ ತಕ್ಕಡಿಗೆ ಬ್ಯಾಟರಿ ಬೇಡ, ಅದೊಂದೇ ಅದರ ಗುಣ. ಮುಳ್ಳು 20 ಗ್ರಾಂ ಆಚೀಚೆ ತೋರಿಸಿದರೂ ಗೊತ್ತಾಗುವುದಿಲ್ಲ. ಉಪ್ಪಿನಕಾಯಿಗೆ, ಮಾಂಸಕ್ಕೆ ನಡೆಯುತ್ತದೆ, ಕೇಕಿಗೆ ಬೇಡ. ಗ್ರಾಂನ ಹತ್ತನೇ ಒಂದು ಭಾಗವನ್ನೂ ತೋರಿಸುವ ಪುಟ್ಟ ಪಾಕೆಟ್ ತಕ್ಕಡಿ ದಿನಾ ಬ್ರೆಡ್ ಮಾಡುವವರಿಗೆ, ಕಾಫಿ ಹುಚ್ಚಿನವರಿಗೆ ಮಾತ್ರ. ಉಳಿದವರಿಗೆ 5 ಕೆಜಿವರೆಗೆ ತೂಗುವ, ಒಂದು ಗ್ರಾಂ ಲೆಕ್ಕದ ಚಪ್ಪಟೆ ಡಿಜಿಟಲ್ ತಕ್ಕಡಿ ಸಾಕು. ಸಾವಿರ ರೂಪಾಯಿಯೊಳಗೆ ಸಿಗುತ್ತದೆ.

ಅಂಗಡಿಯಲ್ಲಿ ನಾಲ್ಕು ವಿಷಯ ನೋಡಿ. ಸೊನ್ನೆ ಮಾಡುವ ಬಟನ್ ಸುಲಭವಾಗಿ ಒತ್ತುತ್ತದಾ. ದೊಡ್ಡ ಪಾತ್ರೆ ಇಟ್ಟರೂ ಸಂಖ್ಯೆ ಕಾಣುತ್ತದಾ. ಹಿಟ್ಟು ಜರಡಿ ಹಿಡಿಯುವಷ್ಟರಲ್ಲಿ ತಾನೇ ಆಫ್ ಆಗಿಬಿಡುತ್ತದಾ. ನಾಲ್ಕನೆಯದು ನಮ್ಮ ಕಡೆಗೆ ಮುಖ್ಯ: ಬ್ಯಾಟರಿ ಯಾವುದು. ರಿಮೋಟಿಗೆ ಹಾಕುವ ಸಣ್ಣ ಬ್ಯಾಟರಿಯದ್ದೇ ತೆಗೆದುಕೊಳ್ಳಿ. ಅದು ಯಾವ ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಗುಂಡಿ ಬ್ಯಾಟರಿಯದ್ದಾದರೆ ಜುಲೈ ಮಳೆಯಲ್ಲಿ ಅದಕ್ಕೋಸ್ಕರ ಗೋಣಿಕೊಪ್ಪಕ್ಕೋ ವಿರಾಜಪೇಟೆಗೋ ಹೋಗಬೇಕು.

ತಕ್ಕಡಿ ಸರಿ ಇದೆಯಾ ಅಂತ ನೋಡಲು ಸೀಲ್ ಆಗಿರುವ ಪ್ಯಾಕೆಟ್ಟಿಗಿಂತ ನೀರು ವಾಸಿ. ಪ್ಯಾಕೆಟ್ಟಿನಲ್ಲಿ ಕವರಿನ ತೂಕ ಸೇರಿರುತ್ತದೆ. ಎಂಎಲ್ ಗುರುತು ಇರುವ ಬಾಟಲಿಯಲ್ಲಿ ಒಂದು ಲೀಟರ್ ನೀರು ಅಳೆದು ಹಾಕಿ, ಸಾವಿರದ ಆಸುಪಾಸು ಬರಬೇಕು. ಕೆಲವು ತಕ್ಕಡಿಗಳಲ್ಲಿ ‘ಎಂಎಲ್’ ಅನ್ನುವ ಬಟನ್ ಇರುತ್ತದೆ. ಅದು ನೀರಿಗೆ, ಹೆಚ್ಚೆಂದರೆ ಹಾಲಿಗೆ ಮಾಡಿದ್ದು. ಅದರಲ್ಲಿ ಜೇನು ಹಾಕಿ 280 ಎಂಎಲ್ ತೋರಿಸಿದರೆ ನಿಜವಾಗಿ ಇರುವುದು 200 ಮಾತ್ರ.

ಮನೆಯಲ್ಲಿ ಚಾಕೊಲೇಟ್, ಮಸಾಲೆ ಪುಡಿ, ಕೇಕ್ ಮಾಡಿ ಪ್ರವಾಸಿಗರಿಗೆ ಮಾರುವವರಿಗೆ ಬೇರೆ ಮಾತು. ಮಾರಾಟಕ್ಕೆ ತೂಗುವ ತಕ್ಕಡಿ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿದ್ದಾಗಿರಬೇಕು, 2009ರ ಕಾಯ್ದೆ ಹಾಗೆ ಹೇಳುತ್ತದೆ. ಪೊಟ್ಟಣದ ಮೇಲೆ ನಿವ್ವಳ ತೂಕವನ್ನೂ ಹಾಕಬೇಕು. ಅಡುಗೆಮನೆಯ ತಕ್ಕಡಿ ಹಿಟ್ಟು ಕಲಸುವವರೆಗೆ ಸರಿ. ಪ್ಯಾಕಿಂಗ್ ಮೇಜಿಗೆ ಮುದ್ರೆಯದ್ದು ಬೇರೆಯೇ ಇಟ್ಟುಕೊಳ್ಳಿ, ಮತ್ತು ಮುದ್ರೆಯ ಅವಧಿ ಮುಗಿಯುವ ಮೊದಲು ಮರುಪರೀಕ್ಷೆ ಮಾಡಿಸಿ.